ಓದು ಕೈ ತಪ್ಪುವ ಜಾಗಗಳು

(ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದಿದ್ದೇನೆ. ಮಾತಿನ ನಡುವೆ ಹಿಡಿದ ಅಡ್ಡದಾರಿಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹುಟ್ಟಿದ ಮಗುವಿನಿಂದ ಹೈಸ್ಕೂಲು ಮುಗಿಸುವ ಹುಡುಗರ ತನಕ, ಇಡೀ ರಾಜ್ಯಕ್ಕೆ ಓದು-ಬರಹದ ಒಂದೇ ಯೋಜನೆಯನ್ನು ಅಮೆರಿಕದ ರಾಜ್ಯಗಳು ಹೇಗೆ ಮಾಡುತ್ತವೆ, ಅದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಪುಸ್ತಕದಿಂದ ಶುರು ಮಾಡುವುದಿಲ್ಲ. ಕಿವಿಯಿಂದ ಶುರು ಮಾಡುತ್ತೇನೆ.

ಅಲ್ಲಿ ಮಗು ಹುಟ್ಟಿ ಒಂದೆರಡು ದಿನದಲ್ಲಿ, ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲೇ, ಅದರ ಕಿವಿ ಪರೀಕ್ಷೆ ಆಗುತ್ತದೆ. ಮಗು ನಿದ್ದೆಯಲ್ಲಿರುತ್ತದೆ. ಮೆತ್ತನೆಯ ಸಣ್ಣ ಬಿರಡೆಯಂಥದ್ದನ್ನು ಕಿವಿಯೊಳಗೆ ಇಟ್ಟು ಟಿಕ್ ಟಿಕ್ ಅಂತ ಸದ್ದು ಬಿಡುತ್ತಾರೆ. ಒಳಕಿವಿ ಚೆನ್ನಾಗಿದ್ದರೆ ಅದು ತಾನೂ ಒಂದು ಪುಟ್ಟ ಸದ್ದನ್ನು ವಾಪಸು ಕಳಿಸುತ್ತದೆ. ನಮಗೆ ಕೇಳಿಸದ ಆ ಸದ್ದನ್ನು ಯಂತ್ರ ಹಿಡಿಯುತ್ತದೆ. ಕೆಲವೇ ನಿಮಿಷದ ಕೆಲಸ. ಸಾವಿರಕ್ಕೆ ಒಂದರಿಂದ ಮೂರು ಮಕ್ಕಳಿಗೆ ಹುಟ್ಟುವಾಗಲೇ ಕಿವಿಯ ತೊಂದರೆ ಇರುತ್ತದೆ. ಅದಕ್ಕೆ ಅಲ್ಲಿ ‘1-3-6’ ಅಂತ ಒಂದು ಲೆಕ್ಕ ಇದೆ. 1 ತಿಂಗಳೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ತಜ್ಞರಿಂದ ಪೂರ್ತಿ ತಪಾಸಣೆ, 6 ತಿಂಗಳೊಳಗೆ ಚಿಕಿತ್ಸೆ ಅಥವಾ ಕಲಿಕೆಯ ನೆರವು.

ಓದಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಕೇಳಿಸದ ಮಗುವಿಗೆ ಮಾತು ತಡವಾಗುತ್ತದೆ. ಆ ಹೊತ್ತಿನಲ್ಲಿ ಸನ್ನೆ ಭಾಷೆಯೋ ಯಂತ್ರದ ನೆರವೋ ಸಿಗದಿದ್ದರೆ ಭಾಷೆಯೇ ತಡವಾಗುತ್ತದೆ. ಭಾಷೆ ತಡವಾದರೆ ಓದೂ ತಡ. ಹಾಗಾಗಿ ನನ್ನ ಲೆಕ್ಕದಲ್ಲಿ ಓದಿನ ಯೋಜನೆಯ ಮೊದಲ ಪುಟ ಇರುವುದು ಹೆರಿಗೆ ವಾರ್ಡಿನಲ್ಲಿ.

ಆದರೆ ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ಮೊದಲ ಪರೀಕ್ಷೆ ಅಲ್ಲಿ ಹತ್ತಿರ ಹತ್ತಿರ ಎಲ್ಲ ಮಕ್ಕಳಿಗೂ ಆಗುತ್ತದೆ. ತಜ್ಞರೂ ಇದ್ದಾರೆ. ಆದರೂ ಮೊದಲ ಪರೀಕ್ಷೆಯಲ್ಲಿ ಪಾಸಾಗದ ಎಷ್ಟೋ ಮಕ್ಕಳು ಎರಡನೆಯ ತಪಾಸಣೆಗೆ ಬರುವುದೇ ಇಲ್ಲ. ಅಮ್ಮ ಮನೆ ಬದಲಿಸಿರುತ್ತಾಳೆ, ಫೋನ್ ನಂಬರ್ ಬದಲಾಗಿರುತ್ತದೆ, ಚೀಟಿ ಕಳೆದಿರುತ್ತದೆ. ‘ಬಾಗಿಲು ಹಾಕಿದ ಸದ್ದಿಗೆ ಮಗು ಬೆಚ್ಚಿಬೀಳುತ್ತದಲ್ಲ, ಕಿವಿ ಸರಿಯಾಗೇ ಇದೆ ಬಿಡು’ ಅಂತ ಯಾರೋ ಹೇಳಿರುತ್ತಾರೆ. ಈ ಕಡೆಯವರು ತಮ್ಮ ಕೆಲಸ ಮಾಡಿದ್ದಾರೆ, ಆ ಕಡೆಯವರು ಕಾಯುತ್ತಾ ಕೂತಿದ್ದಾರೆ. ನಡುವೆ ಮಗು ಕಾಣೆ.

ಇವತ್ತು ನಾನು ಹೇಳಬೇಕಾದ್ದು ಇಷ್ಟೇ. ಓದು ಮಗುವಿನ ಕೈ ತಪ್ಪುವುದು ಹೆಚ್ಚಾಗಿ ಇಂಥ ಸಂದುಗಳಲ್ಲಿ. ಮನೆಯಿಂದ ಶಾಲೆಗೆ, ಮೂರನೇ ಕ್ಲಾಸಿನಿಂದ ನಾಲ್ಕಕ್ಕೆ, ಐದರಿಂದ ಆರಕ್ಕೆ ದಾಟುವ ಹೊತ್ತಿನಲ್ಲಿ. ರಾಜ್ಯಕ್ಕೆ ಅಂತ ಒಂದು ಯೋಜನೆ ಬೇಕಾಗಿರುವುದು ಈ ಸಂದುಗಳಿಗೆ. ಉಳಿದದ್ದನ್ನು ಒಳ್ಳೆಯ ಟೀಚರ್ ಯೋಜನೆ ಇಲ್ಲದೆಯೂ ಮಾಡುತ್ತಾಳೆ.

ಅಲ್ಲಿ ಇದು ರಾಜ್ಯದ ಕೆಲಸ ಯಾಕಾಯಿತು ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಅನ್ನುವ ಪದವೇ ಇಲ್ಲ. ಅದು ರಾಜ್ಯಗಳ ಪಾಲಿಗೆ ಬಿಟ್ಟ ವಿಷಯ. ರಾಜ್ಯಗಳು ಅದನ್ನು ಇನ್ನೂ ಕೆಳಗೆ ಬಿಟ್ಟಿವೆ. ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ, ಅಂದರೆ ಆಯಾ ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಮಂಡಳಿಗಳು. ಯಾವ ಪಠ್ಯ ತರಬೇಕು ಅನ್ನುವುದನ್ನು ಬಹಳ ಕಡೆ ಆ ಜಿಲ್ಲೆಯೇ ನಿರ್ಧರಿಸುತ್ತದೆ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದ ಕಾನೂನಿನಿಂದ ಕೇಂದ್ರದ ದುಡ್ಡು ದೊಡ್ಡ ಮಟ್ಟದಲ್ಲಿ ಶಾಲೆಗಳಿಗೆ ಬರತೊಡಗಿತು. ದುಡ್ಡಿನ ಜೊತೆ ಷರತ್ತೂ ಬಂತು. 2010ರಲ್ಲಿ ಕೇಂದ್ರ ಸರ್ಕಾರ 46 ರಾಜ್ಯಗಳಿಗೆ ಒಟ್ಟು ಸುಮಾರು 1 ಕೋಟಿ ಡಾಲರ್ ಹಂಚಿತು. ಶಾಲೆ ನಡೆಸುವುದಕ್ಕಲ್ಲ, ಪುಸ್ತಕ ಕೊಳ್ಳುವುದಕ್ಕೂ ಅಲ್ಲ. ಒಂದು ರಾಜ್ಯ ಸಾಕ್ಷರತಾ ತಂಡ ಕಟ್ಟಿ, ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಯೋಜನೆ ಮಾಡಿ ಅಂತ. ಮರುವರ್ಷ ದೊಡ್ಡ ಅನುದಾನ ಸಿಕ್ಕಿದ್ದು ಆರೇ ರಾಜ್ಯಗಳಿಗೆ: ಜಾರ್ಜಿಯಾ, ಲೂಸಿಯಾನಾ, ಮೊಂಟಾನಾ, ನೆವಾಡಾ, ಪೆನ್ಸಿಲ್ವೇನಿಯಾ, ಟೆಕ್ಸಸ್.

ಆ ದುಡ್ಡನ್ನು ಹೇಗೆ ಹಂಚಬೇಕು ಅಂತ ಕಾನೂನೇ ಹೇಳಿತ್ತು. 15, 40, 40. ಹುಟ್ಟಿನಿಂದ ಶಾಲೆ ಸೇರುವ ತನಕದ ಮಕ್ಕಳಿಗೆ ನೂರಕ್ಕೆ 15. ಕಿಂಡರ್‌ಗಾರ್ಟನ್‌ನಿಂದ (ಅಲ್ಲಿ ಒಂದನೇ ಕ್ಲಾಸಿಗೆ ಮೊದಲಿನ ವರ್ಷ) 5ನೇ ಕ್ಲಾಸಿಗೆ 40. 6ರಿಂದ 12ಕ್ಕೆ 40, ಅದರಲ್ಲಿ ಮಿಡ್ಲ್ ಸ್ಕೂಲಿಗೂ ಹೈಸ್ಕೂಲಿಗೂ ಸರಿಸಮ. ಉಳಿದ 5 ರಾಜ್ಯದ ಕಚೇರಿಗೆ. 2015ರ ಹೊಸ ಕಾನೂನಿನಲ್ಲೂ ಇದೇ ಲೆಕ್ಕ ಮುಂದುವರಿಯಿತು. ಇದರಲ್ಲಿ ನನಗೆ ಹಿಡಿಸಿದ್ದು ಹೈಸ್ಕೂಲಿಗೂ ಪಾಲು ಎತ್ತಿಟ್ಟ ಜಾಣತನ. ಹಾಗೆ ಎತ್ತಿಡದಿದ್ದರೆ ಎಲ್ಲಾ ದುಡ್ಡೂ ಮೂರನೇ ಕ್ಲಾಸಿನೊಳಗೇ ಮುಗಿದುಹೋಗುತ್ತದೆ. ಹಿಡಿಸದ್ದು ಆ 15. ಐದು ವರ್ಷದ ಬದುಕಿಗೆ ಅದು ತೀರಾ ಕಮ್ಮಿಯಾಯಿತು, ಅಲ್ವಾ?

ಆ ಐದು ವರ್ಷದ ಬಗ್ಗೆ ಹೇಳುವಾಗ ಎಲ್ಲರೂ ಒಂದು ಅಧ್ಯಯನ ಎತ್ತುತ್ತಾರೆ. 1995ರಲ್ಲಿ ಹಾರ್ಟ್ ಮತ್ತು ರಿಸ್ಲಿ ಅನ್ನುವ ಇಬ್ಬರು ಕ್ಯಾನ್ಸಸ್‌ನ 42 ಮನೆಗಳ ಮಾತನ್ನು ತಿಂಗಳಿಗೊಂದು ಗಂಟೆಯಂತೆ ರೆಕಾರ್ಡ್ ಮಾಡಿ, ಪದಗಳನ್ನು ಎಣಿಸಿ, ಬಡ ಮನೆಯ ಮಗು ಮೂರು-ನಾಲ್ಕು ವರ್ಷಕ್ಕೆ ಬರುವಷ್ಟರಲ್ಲಿ 3 ಕೋಟಿ ಪದ ಕಮ್ಮಿ ಕೇಳಿರುತ್ತದೆ ಅಂದರು. ಆ ಸಂಖ್ಯೆ ಭಾಷಣಗಳಲ್ಲಿ ಚೆನ್ನಾಗಿ ಓಡಿತು. ಆದರೆ ಅದು 42 ಮನೆಗಳ ಲೆಕ್ಕ. ಮಗುವಿನ ಸುತ್ತ ಅಜ್ಜಿ, ಅಣ್ಣ, ಪಕ್ಕದ ಮನೆಯವರು ಆಡುವ ಮಾತನ್ನೂ ಎಣಿಸಿದರೆ ಅಷ್ಟು ದೊಡ್ಡ ಅಂತರ ಕಾಣುವುದಿಲ್ಲ ಅಂತ 2018ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ನಾನು ಆ 3 ಕೋಟಿಯನ್ನು ಬಿಟ್ಟುಬಿಟ್ಟಿದ್ದೇನೆ. ಬಡ ತಾಯಿಗೆ ‘ನೀನು ಸಾಕಷ್ಟು ಮಾತಾಡುತ್ತಿಲ್ಲ’ ಅಂತ ಹೇಳುವುದರಿಂದ ಯಾವ ಮಗುವೂ ಓದು ಕಲಿಯುವುದಿಲ್ಲ. ಮಗು ‘ಆ’ ಅಂದರೆ ನೀವು ‘ಆ? ಏನು ಕಂದಾ, ಹಕ್ಕಿ ಬಂತಾ?’ ಅನ್ನಬೇಕು, ಅಷ್ಟೇ. ಈ ಕೊಡು-ಕೊಳ್ಳು ಮುಖ್ಯ. ಪದದ ಲೆಕ್ಕ ಆಮೇಲೆ.

ಈ ವಯಸ್ಸಿಗೆ ಚೆನ್ನಾಗಿ ಮುಟ್ಟಿದ ಎರಡು ಕೆಲಸ ಹೇಳುತ್ತೇನೆ. ಒಂದು, 1989ರಲ್ಲಿ ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ ಶುರುವಾದ ‘ರೀಚ್ ಔಟ್ ಆ್ಯಂಡ್ ರೀಡ್’. ಮಗುವನ್ನು ಲಸಿಕೆಗೆ, ತೂಕ ನೋಡಿಸುವುದಕ್ಕೆ ಕರೆತಂದಾಗ ಡಾಕ್ಟರೇ ಒಂದು ಪುಸ್ತಕ ಕೈಗಿಡುತ್ತಾರೆ. ಆರು ತಿಂಗಳ ಮಗು ಅದನ್ನು ನೇರ ಬಾಯಿಗೆ ಹಾಕುತ್ತದೆ. ಡಾಕ್ಟರು ನಗುತ್ತಾರೆ. ಅವರು ಆಗಲೇ ನೋಡುತ್ತಿರುತ್ತಾರೆ: ಎರಡೂ ಕೈಯಲ್ಲಿ ಹಿಡಿಯಿತಾ, ಚಿತ್ರ ನೋಡಿತಾ, ಅಮ್ಮನ ಮುಖ ನೋಡಿತಾ. ಒಂದೇ ಪುಸ್ತಕ, ತಪಾಸಣೆಯೂ ಆಯಿತು, ಉಡುಗೊರೆಯೂ ಆಯಿತು. ಇದರ ಜಾಣತನ ಇರುವುದು ಸಂದಿನಲ್ಲಿ. ಮನೆಯವರು ಹೇಗೂ ಬರಲೇಬೇಕಾದ ಜಾಗಕ್ಕೇ ಪುಸ್ತಕವನ್ನು ತಂದಿಟ್ಟರು.

ಇನ್ನೊಂದು, ಟೆನೆಸಿಯದು. ಗಾಯಕಿ ಡಾಲಿ ಪಾರ್ಟನ್ ಅವರ ತಂದೆಗೆ ಓದಲು ಬರುತ್ತಿರಲಿಲ್ಲ. 1995ರಲ್ಲಿ ಡಾಲಿ ತಮ್ಮ ಊರಾದ ಸೆವಿಯರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಮಕ್ಕಳಿಗೆ ಹುಟ್ಟಿನಿಂದ ಐದು ವರ್ಷದ ತನಕ ತಿಂಗಳಿಗೊಂದು ಪುಸ್ತಕವನ್ನು ಅಂಚೆಯಲ್ಲಿ ಕಳಿಸಲು ಶುರು ಮಾಡಿದರು. 2004ರಲ್ಲಿ ರಾಜ್ಯ ಕೈಜೋಡಿಸಿತು. ರಾಜ್ಯದ 95 ಕೌಂಟಿಗಳಿಗೂ ಅದು ಹಬ್ಬಿತು. ಶ್ರೀಮಂತರ ಮಗು, ಬಡವರ ಮಗು ಅಂತ ನೋಡುವುದಿಲ್ಲ. ಹಾಗಾಗಿ ತೆಗೆದುಕೊಳ್ಳುವುದಕ್ಕೆ ಯಾರಿಗೂ ಸಂಕೋಚವಿಲ್ಲ. ಪುಸ್ತಕದ ಮೇಲೆ ಮಗುವಿನ ಹೆಸರೇ ಇರುತ್ತದೆ. ಮೂರು ವರ್ಷದ ಮಗುವಿಗೆ ತನ್ನ ಹೆಸರಿಗೇ ಅಂಚೆ ಬರುವುದು ಅಂದರೆ ಸುಮ್ನೆ ಮಾತಾ?

ಇವೆಲ್ಲ ಸರಿ. ಮಗುವಿಗೆ ಐದು ತುಂಬುತ್ತದೆ, ಶಾಲೆಗೆ ಬರುತ್ತದೆ. ಈಗ ಮೊದಲ ದೊಡ್ಡ ಸಂದು. ಇಲ್ಲಿಯ ತನಕ ಮಗುವಿನ ಕಿವಿ, ಲಸಿಕೆ ಆರೋಗ್ಯ ಇಲಾಖೆಯ ಲೆಕ್ಕದಲ್ಲಿತ್ತು. ಶಿಶುವಿಹಾರ ಸಮಾಜ ಸೇವೆಗಳ ಇಲಾಖೆಯ ಕೆಳಗಿತ್ತು. ಶಾಲೆಗೆ ಮೊದಲಿನ ಬಡ ಮಕ್ಕಳ ಕಾರ್ಯಕ್ರಮ ‘ಹೆಡ್ ಸ್ಟಾರ್ಟ್’ ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತದೆ. ಶಾಲೆ ಶಿಕ್ಷಣ ಇಲಾಖೆಯದು. ಎತ್ತು ಏರಿಗೆ, ಕೋಣ ನೀರಿಗೆ. ಮೂರು ವರ್ಷದ ಮಗುವಿಗೆ ಮಾತಿನ ತರಬೇತಿ ಕೊಟ್ಟಿದ್ದ ಟೀಚರ್‌ಗೆ ಆ ಮಗು ಯಾವ ಶಾಲೆಗೆ ಹೋಯಿತು ಅಂತ ಗೊತ್ತಿರುವುದಿಲ್ಲ. ಕಿಂಡರ್‌ಗಾರ್ಟನ್ ಟೀಚರ್‌ಗೆ ಮಗುವಿಗೆ ಅಂಥ ತರಬೇತಿ ಸಿಕ್ಕಿತ್ತು ಅನ್ನುವುದೂ ಗೊತ್ತಿರುವುದಿಲ್ಲ. ಆಕೆ ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾಳೆ. ಜಾರ್ಜಿಯಾ 1995ರಿಂದಲೇ ಲಾಟರಿ ದುಡ್ಡಿನಲ್ಲಿ ನಾಲ್ಕು ವರ್ಷದ ಎಲ್ಲಾ ಮಕ್ಕಳಿಗೂ ಪ್ರೀ-ಕೆ, ಅಂದರೆ ಕಿಂಡರ್‌ಗಾರ್ಟನ್‌ಗೂ ಮೊದಲಿನ ಕ್ಲಾಸು, ತೆರೆದಿಟ್ಟಿತು. ಅದರಿಂದ ಸಂದು ಸ್ವಲ್ಪ ಕಿರಿದಾಯಿತು. ಪೂರ್ತಿ ಮುಚ್ಚಬೇಕಾದರೆ ಮಗುವಿನ ಫೈಲು ಮಗುವಿನ ಜೊತೆಗೇ ನಡೆದು ಬರಬೇಕು.

ಈಗ ಓದು ಕಲಿಸುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜಗಳವೆಲ್ಲ ಇಲ್ಲೇ ಆಗಿದ್ದು.

ನಾನು ಅಲ್ಲಿನ ಒಂದು ಶಾಲೆಯಲ್ಲಿ ಕೆಲವು ತಿಂಗಳು ವಾರಕ್ಕೊಂದು ದಿನ ಹೋಗಿ ಮಕ್ಕಳ ಓದು ಕೇಳಿಸಿಕೊಳ್ಳುತ್ತಿದ್ದೆ. ಸಂಬಳವಿಲ್ಲದ ಕೆಲಸ, ಸಣ್ಣ ಕುರ್ಚಿ, ಮಂಡಿ ನೋವು. ಒಬ್ಬ ಹುಡುಗ ಚಿತ್ರದ ಪುಸ್ತಕವನ್ನು ಸರಾಗವಾಗಿ ಓದುತ್ತಿದ್ದ. ಒಂದು ಪುಟದಲ್ಲಿ ಮೊಲದ ಚಿತ್ರ. ಕೆಳಗೆ ಅಚ್ಚಾಗಿದ್ದ ಪದ ‘ರ‍್ಯಾಬಿಟ್’. ಅವನು ‘ಬನ್ನಿ’ ಅಂತ ಓದಿದ. (ನಮ್ಮ ‘ಬನ್ನಿ, ಕೂತ್ಕೊಳ್ಳಿ’ ಅಲ್ಲ. ಅಲ್ಲಿನ ಮಕ್ಕಳು ಮೊಲಕ್ಕೆ ಮುದ್ದಿನಿಂದ ಹಾಗೆ ಅಂತಾರೆ.) ಅರ್ಥ ಕೆಡಲಿಲ್ಲವಲ್ಲ, ಅದಕ್ಕೆ ತಿದ್ದಬೇಡಿ ಅಂತ ನನಗೆ ಹೇಳಿಕೊಟ್ಟಿದ್ದರು. ನಾನು ತಿದ್ದಲಿಲ್ಲ. ಆಮೇಲೆ ಅನುಮಾನ ಬಂದು ಮುಂದಿನ ಪುಟದ ಚಿತ್ರದ ಮೇಲೆ ಕೈ ಇಟ್ಟೆ. ಹುಡುಗ ನಿಂತುಬಿಟ್ಟ. ಪದ ನೋಡಲಿಲ್ಲ, ನನ್ನ ಕೈ ನೋಡಿದ. ‘ತೆಗೀರಿ, ಓದಕ್ಕೆ ಆಗ್ತಿಲ್ಲ’ ಅಂದ. ಅಲ್ಲಿಯ ತನಕ ಅವನು ಓದಿದ್ದೆಲ್ಲ ಚಿತ್ರ. ಒಂದು ಅಕ್ಷರವನ್ನೂ ಓದಿರಲಿಲ್ಲ.

ಈ ಪದ್ಧತಿಗೆ ದೊಡ್ಡ ಇತಿಹಾಸವೇ ಇದೆ. ಚಿತ್ರ ನೋಡು, ವಾಕ್ಯ ನೋಡು, ಮೊದಲ ಅಕ್ಷರ ನೋಡು, ಊಹಿಸು. ಬಹಳ ವರ್ಷ ಅದೇ ನಡೆಯಿತು. ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ 49 ಅಕ್ಷರ, ಕಾಗುಣಿತ, ಒತ್ತಕ್ಷರ ದಾಟಿದರೆ ಅರ್ಥ ಗೊತ್ತಿಲ್ಲದ ಪದವನ್ನೂ ಗಟ್ಟಿಯಾಗಿ ಓದಬಹುದು. ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಸದ್ದು. ಕ್ಯಾಟ್, ಕೇಕ್, ಬಾಲ್ ಮೂರರಲ್ಲೂ ಇರುವುದು ಅದೇ ‘ಎ’ ಅಕ್ಷರ. ಮಕ್ಕಳು ಇದನ್ನು ತಾವಾಗೇ ಹಿಡಿಯುತ್ತಾರೆ ಅಂತ ಬಿಟ್ಟರೆ ಕೆಲವರು ಹಿಡಿಯುತ್ತಾರೆ. ಉಳಿದವರು ಆ ಹುಡುಗನಂತೆ ಊಹೆ ಮಾಡುತ್ತಾ ಹೋಗುತ್ತಾರೆ.

ಇನ್ನೊಂದು ಕ್ಲಾಸಿನಲ್ಲಿ ಬೇರೆ ರೀತಿ ನೋಡಿದೆ. ಟೀಚರ್ ಮೇಜಿನ ಮೇಲೆ ಮೂರು ಚೌಕ ಬರೆದು ಮೂರು ಬಿಲ್ಲೆ ಇಟ್ಟರು. ಪದ ‘ಶಿಪ್’. ಬರೆಯುವಾಗ ನಾಲ್ಕು ಅಕ್ಷರ: ಎಸ್, ಎಚ್, ಐ, ಪಿ. ಸದ್ದು ಮಾತ್ರ ಮೂರೇ. ಹುಡುಗಿ ‘ಶ್’ ಅಂತ ಒಂದು ಬಿಲ್ಲೆ ತಳ್ಳಿದಳು, ‘ಇ’ ಅಂತ ಎರಡನೆಯದು, ‘ಪ್’ ಅಂತ ಮೂರನೆಯದು. ಆಮೇಲೆ ಮೊದಲ ಚೌಕದೊಳಗೆ ಎಸ್ ಮತ್ತು ಎಚ್ ಎರಡನ್ನೂ ಇಕ್ಕಟ್ಟಿನಲ್ಲಿ ಬರೆದಳು. ಮುಖದಲ್ಲಿ ಬೆಳಕು ಬಂತು. ಐದು ನಿಮಿಷದ ಆಟ. ನಮ್ಮ ಮಗು ‘ಮರ’ವನ್ನು ಮ-ರ ಅಂತ ಎರಡು ತುಂಡು ಮಾಡಿದರೆ ಸಾಕು, ಬರವಣಿಗೆಯೂ ಹಾಗೇ ಇದೆ. ಅಲ್ಲಿನ ಮಗು ಅದಕ್ಕಿಂತ ಸಣ್ಣ ಚೂರಿಗೆ ಇಳಿಯಬೇಕು. ಹೇಳಿಕೊಡದೆ ಅದು ಬರುವುದು ಕಷ್ಟ.

2000ದಲ್ಲಿ ಅಮೆರಿಕದ ಸಂಸತ್ತಿನ ಸೂಚನೆಯಂತೆ ರಚಿಸಿದ್ದ ರಾಷ್ಟ್ರೀಯ ಓದಿನ ಸಮಿತಿ ಐದು ಅಂಶ ಹೇಳಿತು: ಪದದೊಳಗಿನ ಸದ್ದು ಗುರುತಿಸುವುದು, ಸದ್ದಿಗೂ ಅಕ್ಷರಕ್ಕೂ ನಂಟು, ಸರಾಗ ಓದು, ಪದಸಂಪತ್ತು, ಅರ್ಥ ಮಾಡಿಕೊಳ್ಳುವುದು. ಇದಕ್ಕೂ ಮೊದಲು, 1986ರಲ್ಲಿ ಗಫ್ ಮತ್ತು ಟನ್ಮರ್ ಇನ್ನೂ ಸರಳವಾಗಿ ಹೇಳಿದ್ದರು. ಓದು ಅಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ಅರ್ಥವಾಗುವ ಶಕ್ತಿಯಿಂದ ಗುಣಿಸಿದ್ದು. ಕೂಡಿದ್ದಲ್ಲ, ಗುಣಿಸಿದ್ದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆ.

ಈ ಗುಣಾಕಾರವನ್ನು ಮರೆತಿದ್ದಕ್ಕೆ ಕೇಂದ್ರ ಸರ್ಕಾರ ದುಬಾರಿ ಪಾಠ ಕಲಿಯಿತು. 2002ರಿಂದ ‘ರೀಡಿಂಗ್ ಫಸ್ಟ್’ ಅಂತ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಖರ್ಚು ಮಾಡಿತು. 2008ರಲ್ಲಿ ಅಧ್ಯಯನದ ಫಲ ಬಂತು. ಒಂದನೇ ಕ್ಲಾಸಿನ ಮಕ್ಕಳು ಅಕ್ಷರ ಬಿಡಿಸುವುದರಲ್ಲಿ ಮುಂದೆ ಬಂದಿದ್ದರು. ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಎದ್ದು ಕಾಣುವ ಫರಕು ಇರಲಿಲ್ಲ. ಅರ್ಧ ಸೇತುವೆ ಕಟ್ಟಿದಂತಾಯಿತು.

ಈಗ ಮಿಸಿಸಿಪ್ಪಿ. ನೀವೆಲ್ಲ ಕಾಯುತ್ತಿರುವುದು ಇದಕ್ಕೇ ಅಂತ ಗೊತ್ತು.

ದೇಶದ ತೀರಾ ಬಡ ರಾಜ್ಯಗಳಲ್ಲಿ ಅದೂ ಒಂದು. ಓದಿನ ಪಟ್ಟಿಯಲ್ಲಿ ಕೊನೆಯ ಸಾಲಿನ ಕಾಯಂ ಗಿರಾಕಿಯಾಗಿತ್ತು. ಅಲ್ಲಿನ ರಾಷ್ಟ್ರೀಯ ಪರೀಕ್ಷೆ ‘ನೇಪ್’. ಎಲ್ಲ ಮಕ್ಕಳಿಗಲ್ಲ, ಪ್ರತಿ ರಾಜ್ಯದಿಂದ ಆರಿಸಿದ ಮಕ್ಕಳಿಗೆ ಮಾತ್ರ ಕೊಡುತ್ತಾರೆ. 2013ರಲ್ಲಿ ಮಿಸಿಸಿಪ್ಪಿಯ 4ನೇ ಕ್ಲಾಸಿನ ಓದಿನ ಸರಾಸರಿ 209, ದೇಶದ ಸರಾಸರಿ 221. 2019ರಲ್ಲಿ ಎರಡೂ 219. 2024ರಲ್ಲಿ ಮಿಸಿಸಿಪ್ಪಿ 219, ದೇಶ 214. ಒಂದು ಮಾತು ಸೇರಿಸಿಬಿಡುತ್ತೇನೆ, ಇಲ್ಲದಿದ್ದರೆ ಮೋಸವಾಗುತ್ತದೆ: ಆ ಕೊನೆಯ ಗೆಲುವಿನಲ್ಲಿ ಮಿಸಿಸಿಪ್ಪಿ ಮೇಲೆ ಹತ್ತಿದ್ದಕ್ಕಿಂತ ದೇಶ ಕೆಳಗಿಳಿದಿದ್ದೇ ಜಾಸ್ತಿ. ಆದರೂ ಕೋವಿಡ್ ನಂತರ ಬಿದ್ದ ಜಾಗಕ್ಕೆ ಮತ್ತೆ ಹತ್ತಿ ಬಂದಿದ್ದು ಸಣ್ಣದಲ್ಲ.

2013ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಮೂರನೇ ಕ್ಲಾಸಿನ ಕೊನೆಗೆ ಓದಿನ ಪರೀಕ್ಷೆ. ಅದರಲ್ಲಿ ತೀರಾ ಕೆಳಗೆ ಉಳಿದರೆ ನಾಲ್ಕಕ್ಕೆ ಬಡ್ತಿ ಇಲ್ಲ. ಮರುಪರೀಕ್ಷೆಗೆ ಅವಕಾಶ ಇದೆ, ಇಂಗ್ಲಿಷ್ ಹೊಸದಾಗಿ ಕಲಿಯುತ್ತಿರುವವರಿಗೆ, ಕೆಲವು ವಿಶೇಷ ಮಕ್ಕಳಿಗೆ ವಿನಾಯಿತಿ ಇದೆ. ಪತ್ರಿಕೆಗಳು ಬರೆದಿದ್ದು ಈ ‘ಫೇಲ್’ ವಿಷಯವನ್ನೇ. ಎಷ್ಟೋ ರಾಜ್ಯಗಳು ನಕಲು ಮಾಡಿದ್ದೂ ಅದನ್ನೇ. ಫೇಲ್ ಮಾಡುವುದು ಪುಕ್ಕಟೆ ಕೆಲಸ ನೋಡಿ, ಒಂದು ಸಾಲು ಬರೆದರೆ ಆಯಿತು.

ಆ ಕಾನೂನಿನ ಉಳಿದ ಭಾಗಕ್ಕೆ ದುಡ್ಡೂ ಬೇಕು, ತಾಳ್ಮೆಯೂ ಬೇಕು. ಕಿಂಡರ್‌ಗಾರ್ಟನ್‌ನಿಂದ ಮೂರನೆಯವರೆಗೆ ವರ್ಷಕ್ಕೆ ಮೂರು ಸಲ ಪ್ರತಿ ಮಗುವಿನ ಓದನ್ನು ನೋಡಬೇಕು. ಹಿಂದೆ ಬಿದ್ದಿದ್ದರೆ ಮನೆಯವರಿಗೆ ಕಾಗದ ಬರೆದು ಹೇಳಬೇಕು. ಆ ಮಗುವಿಗಾಗಿಯೇ ಓದಿನ ಯೋಜನೆ ಬರೆಯಬೇಕು. ಟೀಚರ್‌ಗಳಿಗೆ ಎರಡು ವರ್ಷ ಹಿಡಿಯುವ ತರಬೇತಿ. 2016ರಿಂದ ಪ್ರಾಥಮಿಕ ಶಾಲೆಯ ಟೀಚರ್ ಆಗಬೇಕಾದರೆ ‘ಓದು ಕಲಿಸುವುದು ಹೇಗೆ’ ಅನ್ನುವ ಪರೀಕ್ಷೆ ಪಾಸು ಮಾಡಬೇಕು. ಅದೇ 2013ರಲ್ಲಿ ನಾಲ್ಕು ವರ್ಷದ ಮಕ್ಕಳಿಗಾಗಿ ಇನ್ನೊಂದು ಕಾನೂನೂ ಬಂತು. ಇದಕ್ಕೂ 13 ವರ್ಷ ಮೊದಲೇ ಜಿಮ್ ಬಾರ್ಕ್ಸ್‌ಡೇಲ್ ಅನ್ನುವ ಉದ್ಯಮಿ 10 ಕೋಟಿ ಡಾಲರ್ ಕೊಟ್ಟು ಓದಿಗಾಗಿ ಒಂದು ಸಂಸ್ಥೆ ಕಟ್ಟಿದ್ದರು. ಜನ ಇದನ್ನು ಮಿಸಿಸಿಪ್ಪಿ ಪವಾಡ ಅನ್ನುತ್ತಾರೆ. ಹದಿಮೂರು ವರ್ಷ ನೆಲ ಹದ ಮಾಡಿ ಬೆಳೆದದ್ದಕ್ಕೆ ಪವಾಡ ಅನ್ನುವುದು ರೈತನಿಗೆ ಮಾಡುವ ಅವಮಾನ.

ನನಗೆ ಬಹಳ ಮುಖ್ಯ ಅನ್ನಿಸಿದ್ದು ಕೋಚ್‌ಗಳು. 2013ರ ಕೊನೆಗೆ ಬಂದ ಶಿಕ್ಷಣ ಮುಖ್ಯಸ್ಥೆ ಕ್ಯಾರಿ ರೈಟ್ ಕಾಲದಲ್ಲಿ ರಾಜ್ಯವೇ ಓದಿನ ಕೋಚ್‌ಗಳನ್ನು ನೇಮಿಸಿ, ತೀರಾ ಹಿಂದೆ ಬಿದ್ದ ಶಾಲೆಗಳಿಗೆ ಕಳಿಸಿತು. ಕೋಚ್ ಅಂದರೆ ಇನ್‌ಸ್ಪೆಕ್ಟರ್ ಅಲ್ಲ. ಅಂಕ ಹಾಕುವುದಿಲ್ಲ. ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂತು ಪಾಠ ನೋಡುತ್ತಾರೆ. ಬೇಕಾದರೆ ಎದ್ದು ಹೋಗಿ ತಾವೇ ಹತ್ತು ನಿಮಿಷ ಪಾಠ ಮಾಡಿ ತೋರಿಸುತ್ತಾರೆ. ಮಧ್ಯಾಹ್ನ ಇಬ್ಬರೂ ಕೂತು ಮಾತಾಡುತ್ತಾರೆ. ‘ಆ ಮೂವರು ಮಕ್ಕಳು ಬಿಲ್ಲೆ ತಳ್ಳುವಾಗ ನಿಮ್ಮ ಬಾಯಿ ನೋಡಿ ತಳ್ಳುತ್ತಿದ್ದರು, ನಾಳೆ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿ ನೋಡೋಣ’, ಹೀಗೆ. ಮುಂದಿನ ವಾರ ಮತ್ತೆ ಬರುತ್ತಾರೆ. ತರಬೇತಿಗೂ ಕ್ಲಾಸಿಗೂ ನಡುವಿನ ಸಂದಿನಲ್ಲಿ ನಿಲ್ಲುವ ಮನುಷ್ಯ ಅಂದರೆ ಈ ಕೋಚ್. ಎರಡು ದಿನದ ತರಬೇತಿಗೆ ಹೋಗಿ, ಫೈಲು ತಂದು ಬೀರುವಿನಲ್ಲಿಟ್ಟ ಅನುಭವ ಇಲ್ಲಿರುವ ಎಲ್ಲ ಮೇಷ್ಟರಿಗೂ ಇದೆ. ನಗಬೇಡಿ, ನನಗೂ ಇದೆ.

ಹಾಗಾದರೆ ಫೇಲ್ ಮಾಡುವುದು ಸರಿಯೋ ತಪ್ಪೋ? ವಿರೋಧಿಸುವವರು ಹೇಳುತ್ತಾರೆ: ಹಿಂದೆ ಬಿದ್ದವರನ್ನು ತಡೆದರೆ ನಾಲ್ಕನೇ ಕ್ಲಾಸಿನ ಸರಾಸರಿ ತಾನೇ ಏರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ? ಅದರಲ್ಲಿ ಅರ್ಧ ಸತ್ಯವಿದೆ. ಆದರೆ ತಡೆದ ಮಕ್ಕಳೂ ಮರುವರ್ಷ ನಾಲ್ಕಕ್ಕೆ ಬಂದು ಅದೇ ಪರೀಕ್ಷೆಯ ಸಾಲಿಗೆ ಸೇರುತ್ತಾರೆ. ಮಿಶಿಗನ್ 2016ರಲ್ಲಿ ಇಂಥದ್ದೇ ಕಾನೂನು ಮಾಡಿ, 2023ರಲ್ಲಿ ಫೇಲ್ ಮಾಡುವ ಭಾಗವನ್ನು ಮಾತ್ರ ಕಿತ್ತುಹಾಕಿತು. ನನಗನ್ನಿಸುವುದು ಹೀಗೆ. ಆ ಗೇಟು ಹೆದರಿಸಬೇಕಾಗಿದ್ದು ಮಕ್ಕಳನ್ನಲ್ಲ, ದೊಡ್ಡವರನ್ನು. ಮೂರನೇ ಕ್ಲಾಸಿನ ಕೊನೆಗೆ ಈ ಮಗು ನಿಲ್ಲುತ್ತದೆ ಅಂತ ಗೊತ್ತಾದಾಗ ಒಂದನೇ ಕ್ಲಾಸಿನಲ್ಲೇ ಎಲ್ಲರೂ ಎದ್ದು ಕೂರುತ್ತಾರೆ. ಹಾಗೆ ಎದ್ದು ಕೂತು ಕೆಲಸ ಮಾಡಿದ ಶಾಲೆಯಲ್ಲಿ ಗೇಟಿಗೆ ಕೆಲಸವೇ ಇರುವುದಿಲ್ಲ. ಕೋಚೂ ಇಲ್ಲ, ತರಬೇತಿಯೂ ಇಲ್ಲ, ಬರೀ ಗೇಟು ಇಟ್ಟರೆ ಅದು ಎಂಟು ವರ್ಷದ ಮಗುವಿಗೆ ಕೊಟ್ಟ ಶಿಕ್ಷೆ.

ಇನ್ನು ನಾಲ್ಕರಿಂದ ಮೇಲೆ. ಇಲ್ಲಿ ಸಭೆ ಸ್ವಲ್ಪ ಖಾಲಿಯಾಗುತ್ತದೆ. ಪತ್ರಕರ್ತರು ಎದ್ದು ಹೋಗುತ್ತಾರೆ. ಮಿಸಿಸಿಪ್ಪಿಯ ನಾಲ್ಕನೇ ಕ್ಲಾಸಿನ ಏರಿಕೆ ಎಂಟನೇ ಕ್ಲಾಸಿನಲ್ಲಿ ಆ ಮಟ್ಟಿಗೆ ಕಾಣುವುದಿಲ್ಲ. ಯಾಕೆ?

1988ರಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ರೆಕ್ಟ್ ಮತ್ತು ಲೆಸ್ಲಿ ಅನ್ನುವ ಇಬ್ಬರು 7 ಮತ್ತು 8ನೇ ಕ್ಲಾಸಿನ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ವರ್ಣನೆ ಓದಲು ಕೊಟ್ಟರು. ಆಮೇಲೆ ಆಟದ ಮೈದಾನದ ಸಣ್ಣ ಮಾದರಿಯ ಮೇಲೆ ಮರದ ಗೊಂಬೆಗಳನ್ನು ಸರಿಸಿ, ಓದಿದ್ದನ್ನು ಆಡಿ ತೋರಿಸಿ ಅಂದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ತೋರಿಸಿದರು. ಅಂದರೆ ಆ ಗುಣಾಕಾರದ ಎರಡನೇ ಭಾಗದಲ್ಲಿ ಲೋಕಜ್ಞಾನವೂ ಸೇರಿಕೊಂಡಿದೆ. ಸಣ್ಣ ಕ್ಲಾಸಿನಲ್ಲಿ ಓದಿನ ಪರೀಕ್ಷೆಯ ಭಯಕ್ಕೆ ವಿಜ್ಞಾನ, ಚರಿತ್ರೆಯ ಪೀರಿಯಡ್‌ಗಳನ್ನು ಕತ್ತರಿಸಿ ‘ಓದಿನ ಕೌಶಲ’ಕ್ಕೆ ಕೊಟ್ಟ ಶಾಲೆಗಳು ಬೇರಿಗೆ ಹಾಕಬೇಕಾದ ನೀರನ್ನು ಎಲೆಗೆ ಚಿಮುಕಿಸಿದವು. ನಾಲ್ಕರಲ್ಲಿ ಅದು ಗೊತ್ತಾಗುವುದಿಲ್ಲ. ಎಂಟರಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಕಾರಣ ಮತ್ತೆ ಸಂದೇ. ಐದನೇ ಕ್ಲಾಸಿನ ತನಕ ದಿನವೆಲ್ಲ ಒಬ್ಬರೇ ಟೀಚರ್. ಆರಕ್ಕೆ ಬಂದರೆ ಬೇರೆ ಕಟ್ಟಡ, ಆರು ಜನ ಟೀಚರು. ಮಗುವಿನ ಓದಿನ ಯೋಜನೆ ಹಳೆ ಶಾಲೆಯ ಬೀರುವಿನಲ್ಲೇ ಉಳಿಯಿತು. ಹೊಸ ಶಾಲೆಯಲ್ಲಿ ಓದು ಯಾರ ಜವಾಬ್ದಾರಿ? ಜೀವಶಾಸ್ತ್ರದ ಮೇಷ್ಟರು ‘ನಾನು ಓದು ಕಲಿಸುವವನಲ್ಲ’ ಅಂತಾರೆ. ಅವರ ಮಾತು ನ್ಯಾಯವೇ. ಆದರೆ ‘ಫೋಟೋಸಿಂಥೆಸಿಸ್’ ಅನ್ನುವ ಪದದ ಮುಂದೆ ಹುಡುಗ ನಿಂತಾಗ, ‘ಫೋಟೋ ಅಂದರೆ ಬೆಳಕು, ಸಿಂಥೆಸಿಸ್ ಅಂದರೆ ಸೇರಿಸಿ ಕಟ್ಟುವುದು, ಎಲೆ ಬೆಳಕು ಹಿಡಿದು ಊಟ ಕಟ್ಟುತ್ತೆ’ ಅಂತ ಒಡೆದು ಹೇಳಬಲ್ಲವರು ಇಡೀ ಶಾಲೆಯಲ್ಲಿ ಅವರೊಬ್ಬರೇ. ಇಂಗ್ಲಿಷ್ ಮೇಷ್ಟರಿಗೆ ಆ ಪದ ಬೇಕಾಗಿಲ್ಲ. ಒಳ್ಳೆಯ ರಾಜ್ಯ ಯೋಜನೆಗಳು ಹೈಸ್ಕೂಲಿನ ಆ 40ರ ಪಾಲನ್ನು ಇಂಥ ಮೇಷ್ಟರುಗಳ ಕೈ ಹಿಡಿಯಲು ಬಳಸುತ್ತವೆ. ಕೆಟ್ಟವು ಕಂಪ್ಯೂಟರ್ ಪ್ರೋಗ್ರಾಂ ಕೊಳ್ಳುತ್ತವೆ.

ಅಕ್ಷರವನ್ನೇ ಸರಿಯಾಗಿ ಬಿಡಿಸಲಾಗದೆ ಒಂಬತ್ತಕ್ಕೆ ಬಂದ ಹುಡುಗನ ಕತೆ ಬೇರೆ. ಅವನಿಗೆ ಬಿಲ್ಲೆಯ ಆಟವೇ ಬೇಕು. ಆದರೆ ಮೊಲದ ಚಿತ್ರದ ಪುಸ್ತಕ ಕೊಟ್ಟರೆ ಅವನು ಮತ್ತೆ ಆ ಕೋಣೆಗೆ ಕಾಲಿಡುವುದಿಲ್ಲ. ಮರ್ಯಾದೆಯ ಪ್ರಶ್ನೆ.

ಹೈಸ್ಕೂಲಿನ ಮಕ್ಕಳು ಸುಮ್ಮನೆ ಕೂತಿಲ್ಲ ಅನ್ನುವುದಕ್ಕೆ ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ನ ಒಂದು ಮೊಕದ್ದಮೆ ಹೇಳಬೇಕು. 2016ರಲ್ಲಿ ಅಲ್ಲಿನ ಏಳು ವಿದ್ಯಾರ್ಥಿಗಳು ನಮಗೆ ಓದು ಕಲಿಸಲಿಲ್ಲ ಅಂತ ರಾಜ್ಯದ ಮೇಲೇ ಕೋರ್ಟಿಗೆ ಹೋದರು. ಗಣಿತದ ಟೀಚರ್ ಬಿಟ್ಟುಹೋದ ಮೇಲೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಒಂದು ತಿಂಗಳು ಪಾಠ ಮಾಡಿದ ಅನ್ನುವುದು ಅವರ ದೂರಿನಲ್ಲಿದ್ದ ಒಂದು ಸಂಗತಿ. 2020ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟಿನ ಪೀಠ, ಓದು-ಬರಹದ ಮಟ್ಟಿಗಾದರೂ ಕಲಿಯುವುದು ಸಂವಿಧಾನದ ಹಕ್ಕು ಅಂತ ಹೇಳಿತು. ಮುಂದಿನ ತಿಂಗಳು ಗವರ್ನರ್ (ಅಲ್ಲಿ ರಾಜ್ಯ ಸರ್ಕಾರ ನಡೆಸುವವರು ಅವರೇ) ಮತ್ತು ಮಕ್ಕಳ ನಡುವೆ ರಾಜಿಯಾಯಿತು. ಅದಾದ ಕೆಲವೇ ದಿನಕ್ಕೆ ಪೂರ್ಣ ಕೋರ್ಟು ಆ ತೀರ್ಪನ್ನು ತೆಗೆದುಹಾಕಿತು. ಹಕ್ಕು ಹೋಯಿತು, ರಾಜಿ ಉಳಿಯಿತು. ರಾಜಿಯಲ್ಲಿ ಮಾತುಕೊಟ್ಟಿದ್ದ 9.44 ಕೋಟಿ ಡಾಲರ್ ಬಜೆಟ್ಟಿನಲ್ಲಿ ಬಂದಿದ್ದು 2023ರಲ್ಲಿ. ಅಷ್ಟರಲ್ಲಿ ಮೊಕದ್ದಮೆ ಹೂಡಿದಾಗಿನ ಹೈಸ್ಕೂಲು ಮಕ್ಕಳು ಹೈಸ್ಕೂಲಿನ ವಯಸ್ಸು ದಾಟಿದ್ದರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಮೇಡಂ ಕೇಳಿದರು. ‘ಇಷ್ಟೆಲ್ಲ ಹೇಳಿದ್ರಿ. ನಿಮ್ಮ ಕೈಲಿ ಒಂದೇ ಒಂದು ಕೆಲಸಕ್ಕೆ ದುಡ್ಡು ಕೊಟ್ಟರೆ ಏನು ಮಾಡ್ತೀರಿ?’

ಕೋಚ್ ಅಂತ ಹೇಳುತ್ತೇನೆ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಾಯಿಗೆ ಬಂದಿದ್ದು ಬೇರೆ. ಕಿವಿ ಪರೀಕ್ಷೆಯ ಮಕ್ಕಳು ಕಾಣೆಯಾಗುವುದನ್ನು ಕಮ್ಮಿ ಮಾಡಲು ಅಲ್ಲಿನ ಆಸ್ಪತ್ರೆಗಳು ಎರಡು ಸಣ್ಣ ಉಪಾಯ ಹಿಡಿದವು. ಒಂದು, ಮುಂದಿನ ತಪಾಸಣೆಗೆ ‘ನೀವೇ ಫೋನ್ ಮಾಡಿ’ ಅಂತ ಕಳಿಸುವ ಬದಲು, ತಾಯಿ ಹಾಸಿಗೆಯಿಂದ ಏಳುವ ಮೊದಲೇ ದಿನ, ಗಂಟೆ ನಿಗದಿ ಮಾಡಿಕೊಟ್ಟುಬಿಡುವುದು. ಎರಡು, ತಾಯಿಯ ನಂಬರ್ ಜೊತೆಗೆ ಇನ್ನೊಂದು ನಂಬರ್ ಬರೆದುಕೊಳ್ಳುವುದು. ಮನೆ ಬದಲಿಸಿದರೂ ಆ ಕುಟುಂಬದ ಪತ್ತೆ ಗೊತ್ತಿರುವ ಯಾರದ್ದಾದರೂ ಸರಿ. ಅಜ್ಜಿಯದ್ದಾದರೆ ಇನ್ನೂ ಒಳ್ಳೆಯದು, ಅಜ್ಜಿಯರು ನಂಬರ್ ಬದಲಿಸುವುದು ಕಮ್ಮಿ.

‘ಆ ಎರಡನೇ ನಂಬರ್ ಬರೆದುಕೊಂಡು, ಹುಟ್ಟಿನಿಂದ ಹನ್ನೆರಡನೇ ಕ್ಲಾಸಿನ ತನಕ ಪ್ರತಿ ಸಂದಿನಲ್ಲೂ ಫೋನ್ ಮಾಡುವ ಒಬ್ಬರಿಗೆ ಸಂಬಳ ಕೊಡ್ತೀನಿ ಮೇಡಂ’ ಅಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: ‘ಅಜ್ಜಿ ಫೋನ್ ಎತ್ತದಿದ್ರೆ?’

‘ಮತ್ತೆ ಮಾಡಬೇಕು’ ಅಂದೆ.